ಸೈನಿಕರ ಪಾಲಿನ ಅನ್ನ

ಗ್ರೀನ್‌ಫರ್ಡ್, ಲಂಡನ್
ಶನಿವಾರ, ಫೆಬ್ರುವರಿ ೭

ಪ್ರೀತಿಯ ಅಪ್ಪಾ,

ಕಾಗದದ ತಲೆಗೆ ‘ತೀರ್ಥರೂಪ’ ಎಂದು ಬರೆಯಬೇಕೆಂದು ನೀವು ಕಲಿಸಿದ್ದು ಮರೆತಿಲ್ಲ. ಇವತ್ತು ಅದನ್ನು ಬರೆಯಲು ಕೈ ಏಳಲಿಲ್ಲ, ಬರೀ ಅಪ್ಪಾ ಎಂದು ಕರೆದಿದ್ದೇನೆ. ನಿಮ್ಮ ಮೊಣಕಾಲು ನೋವು ಹೇಗಿದೆ? ಕಿವಿಯ ಹೊಸ ಮಷಿನ್ ಹಾಕಿಕೊಳ್ಳುತ್ತಿದ್ದೀರೋ, ಅಮ್ಮ ದೂರುವ ಹಾಗೆ ಅದು ಕಪಾಟಿನಲ್ಲೇ ಕೂತಿದೆಯೋ? ಫೋನಿನಲ್ಲಿ ನಾನು ಹತ್ತು ಮಾತು ಆಡಿದರೆ ನಿಮಗೆ ಎರಡು ಕೇಳುತ್ತವೆ, ಉಳಿದ ಎಂಟನ್ನು ಅಮ್ಮ ತನ್ನದೇ ಮಾತಿನಲ್ಲಿ ನಿಮಗೆ ಹೇಳುತ್ತಾಳೆ. ಈ ಸಲ ಹೇಳಬೇಕಾದದ್ದು ಹಾಗೆ ಬಾಯಿಂದ ಬಾಯಿಗೆ ದಾಟಬಾರದು, ಅದಕ್ಕೇ ಬರೆಯುತ್ತಿದ್ದೇನೆ. ಧಾರವಾಡದಲ್ಲಿ ಆಗಲೇ ಬಿಸಿಲಿನ ದಿನಗಳು ಶುರುವಾಗಿರಬೇಕು. ಇಲ್ಲಿ ಮಧ್ಯಾಹ್ನ ಮೂರಕ್ಕೆ ದೀಪ ಹಚ್ಚಿ ಕೂತಿದ್ದೇನೆ.

ಎಂ.ಎ. ಮುಗಿದ ಮೇಲೆ ಬೇರೆ ಕೆಲಸ ಸಿಗುವ ತನಕ ಪಾಂಡುರಂಗ ಮಾಮನ ಜೊತೆ ದುಡಿಯುತ್ತಿದ್ದೇನೆಂದು ನಿಮಗೆ ಗೊತ್ತು. ಪಾರ್ಕ್ ರಾಯಲ್‌ನಲ್ಲಿರುವ ಅವರ ಅಡುಗೆಮನೆಯಿಂದ ಶಾಲೆಗಳಿಗೆ, ಮದುವೆಗಳಿಗೆ, ಆಫೀಸುಗಳಿಗೆ ಊಟ ಹೋಗುತ್ತದೆ. ಈ ಚಳಿಗಾಲ ಸೈನ್ಯಕ್ಕೂ ಹೋಗುತ್ತಿದೆ ಎಂದು ಅಮ್ಮನಿಗೆ ಹೇಳಿದ್ದೆ, ಅವಳು ನಿಮಗೆ ಹೇಳಿದಳೋ ಇಲ್ಲವೋ. ಡಿಸೆಂಬರಿನಲ್ಲಿ ಆಂಬುಲೆನ್ಸ್ ಚಾಲಕರ ಮುಷ್ಕರ ಶುರುವಾದಾಗ, ಅವರ ಬದಲು ಗಾಡಿ ಓಡಿಸಲು ಅರವತ್ತು ಸೈನಿಕರನ್ನು ನಮ್ಮ ಬೀದಿಯ ಕೊನೆಗಿರುವ ಕಮ್ಯುನಿಟಿ ಹಾಲ್‌ಗೆ ತಂದಿಳಿಸಿದರು. ಬ್ಯಾಡ್ಮಿಂಟನ್ ಅಂಕಣದ ಬಿಳಿ ಗೆರೆಗಳ ಮೇಲೆ ಮಡಚುವ ಮಂಚಗಳು ಸಾಲಾಗಿ ಕೂತವು. ಕಾಲುಚೀಲಗಳು ಹೀಟರಿನ ಮೇಲೆ ಒಣಗಿದವು. ಬೀದಿಯವರು ಮೊದಲ ವಾರ ಕೇಕ್ ತಂದುಕೊಟ್ಟರು. ಎರಡನೆಯ ವಾರ ದೂರು ತಂದರು: ಬೆಳಗಿನ ಐದಕ್ಕೆ ಎಂಜಿನ್ ಸದ್ದು, ಕಿಟಕಿಯ ಕೆಳಗೆ ಸಿಗರೇಟಿನ ತುಂಡು, ತಮ್ಮ ಜಾಗದಲ್ಲಿ ಸೈನ್ಯದ ಗಾಡಿ. ಮೇಜರ್ ಸಾಹೇಬರು ಬಾಗಿಲಿಗೆ ನಿಯಮಗಳ ಹಾಳೆ ಅಂಟಿಸಿದರು. ಒಬ್ಬ ಸೈನಿಕ ಗಾಡಿ ಹಿಂದಕ್ಕೆ ತೆಗೆಯುವಾಗ ಎದುರಿನ ಫ್ಲ್ಯಾಟಿನ ಡಾಕ್ಟರ್ ಮಹಾಲಿಂಗಪ್ಪನವರ ಹೂಕುಂಡ ಒಡೆದ. ಮರುದಿನ ಅವನೇ ಹೊಸ ಕುಂಡ ಹಿಡಿದು ಅವರ ಬಾಗಿಲಿಗೆ ಹೋಗಬೇಕಾಯಿತು. ಹಿಂದೆ ಸಾರ್ಜೆಂಟ್ ಕಂಬದ ಹಾಗೆ ನಿಂತಿದ್ದ. ಡಾಕ್ಟರು ಆಮೇಲೆ ನನಗೆ ಹೇಳಿದರು: “ಪಾಪ, ಅಂವ ನಡಗಾಕ ಹತ್ತಿದ್ದ. ಕಡೀಗೆ ನಾನ ಸಾರಿ ಅಂದು ಚಾ ಕುಡಿಸಿ ಕಳಿಸಿದೆ.” ಸೈನ್ಯದಲ್ಲಿದ್ದ ನೀವು ಇದನ್ನೆಲ್ಲ ಕಂಡಿದ್ದರೆ ಮೆಚ್ಚುತ್ತಿದ್ದಿರಿ ಎಂದು ಆಗಾಗ ಅಂದುಕೊಳ್ಳುತ್ತಿದ್ದೆ.

ಬೆಳಗಿನ ತಿಂಡಿ ನನ್ನ ಪಾಲಿನದು. ಹಾಲ್‌ನ ಅಡುಗೆಮನೆಯಲ್ಲಿ ನಾನೊಬ್ಬಳೇ ಮೊಟ್ಟೆ, ಬೀನ್ಸ್, ಟೋಸ್ಟ್ ಮಾಡುತ್ತೇನೆ. ಸಂಜೆಯ ಊಟ ಪಾರ್ಕ್ ರಾಯಲ್‌ನಿಂದ ಬರುತ್ತದೆ, ರಜನಿ ಮಾಮಿಯೂ ನಾನೂ ಬಡಿಸುತ್ತೇವೆ. ಬಡಿಸುವ ಕಿಂಡಿ ಎಷ್ಟು ತಗ್ಗಿನಲ್ಲಿದೆಯೆಂದರೆ ನನಗೆ ಕಾಣುವುದು ತಟ್ಟೆ ಮತ್ತು ಕೈ ಮಾತ್ರ. ನನ್ನ ಸಂಕೋಚಕ್ಕೆ ಅದು ಒಳ್ಳೆಯದೇ ಆಯಿತು. ಅರವತ್ತು ಜನರನ್ನು ಕೈಯಿಂದಲೇ ಗುರುತಿಸಲು ಕಲಿತೆ. ಕಿಂಡಿಗೆ ಬಗ್ಗಿ ಮುಖ ತೋರಿಸುತ್ತಿದ್ದವನು ಒಬ್ಬನೇ, ಕಾರ್ಪೊರಲ್ ಡಾಸನ್. ಊಟದ ಮೇಲ್ವಿಚಾರಣೆ ಅವನದು. ಮೂವತ್ತೈದರ ಆಸುಪಾಸು, ಊರಲ್ಲಿ ಇಬ್ಬರು ಹೆಣ್ಣುಮಕ್ಕಳು. “ಇವತ್ತು ಯಾವುದು, ಖಾರದ ಹಳದಿಯೋ ಸಪ್ಪೆ ಹಳದಿಯೋ?” ಎಂದು ದಿನಾ ಕೇಳುತ್ತಿದ್ದ. ಮಾಮಿ ಕನ್ನಡದಲ್ಲೇ ಬೈದರೆ ಅರ್ಥವಾದವನ ಹಾಗೆ ತಲೆ ತಗ್ಗಿಸುತ್ತಿದ್ದ. ಉಳಿದ ಊಟವನ್ನು ಕಸಕ್ಕೆ ಸುರಿಸುವುದೂ ಅವನ ಕೆಲಸವೇ. ಈ ಅಡುಗೆಮನೆಯಿಂದ ಯಾವ ತಿನಿಸೂ ಹೊರಗಿನವರಿಗೆ ಹೋಗಕೂಡದು ಎಂಬುದು ನಿಯಮ. ನಾವು ಅನ್ನ ಸುರಿಯುವಾಗ ಮಾಮಿ ಮುಖ ತಿರುಗಿಸಿ ನಿಲ್ಲುತ್ತಿದ್ದರು. ಅದನ್ನು ನೋಡಿ ಡಾಸನ್ನನೂ ಕಸದ ಬುಟ್ಟಿಯತ್ತ ನೋಡುವುದನ್ನು ಬಿಟ್ಟ.

ಡಾಕ್ಟರ್ ಮಹಾಲಿಂಗಪ್ಪನವರಿಗೆ ಎಂಬತ್ತೆರಡು ವರ್ಷ. ನಮ್ಮ ಧಾರವಾಡದವರೇ, ಇಲ್ಲಿಯ ಆಸ್ಪತ್ರೆಗಳಲ್ಲಿ ನಲವತ್ತು ವರ್ಷ ದುಡಿದವರು. ಹೆಂಡತಿ ತೀರಿಕೊಂಡ ಮೇಲೆ ಪ್ರತಿ ಮಂಗಳವಾರ ಆ ಹಾಲ್‌ನಲ್ಲಿ ನಡೆಯುತ್ತಿದ್ದ ಹಿರಿಯರ ಊಟವೇ ಅವರಿಗೆ ಹಬ್ಬವಾಗಿತ್ತು. ಸೈನಿಕರು ಬಂದ ಮೇಲೆ ಅದು ನಿಂತಿತು. “ಊಟ ಅವರಿಗೆ, ಒಗ್ಗರಣಿ ವಾಸನಿ ನಮಗ,” ಎಂದು ಗೇಟಿನಲ್ಲಿ ನಿಂತು ನಗುತ್ತಿದ್ದರು. ಜನವರಿಯಲ್ಲಿ ಒಂದು ದಿನ ಆ ನಗುವೂ ಇರಲಿಲ್ಲ. ಇನ್ನು ಮೇಲೆ ಮೆಟ್ಟಿಲಿಳಿದು ಬರಲು ಆಗುವುದಿಲ್ಲ ಎಂದರು. ಚಿತ್ರಾನ್ನ ತಿಂದು ಎಷ್ಟು ವರ್ಷವಾಯಿತೋ ಎಂದು, ನನಗಲ್ಲ, ತಮಗೇ ಹೇಳಿಕೊಂಡರು.

ಈಗ ಬರೆಯಬೇಕಾದದ್ದನ್ನು ಬರೆದುಬಿಡುತ್ತೇನೆ. ಹೋದ ತಿಂಗಳು ಇಪ್ಪತ್ತಾರನೇ ತಾರೀಕು, ಸೋಮವಾರ, ರಾತ್ರಿಯ ಊಟದಲ್ಲಿ ಒಂದು ದೊಡ್ಡ ಪಾತ್ರೆ ಅನ್ನ ಮುಟ್ಟದೆ ಹಾಗೇ ಉಳಿಯಿತು. ಮಂಜು ಬಿದ್ದು ಹದಿನೈದು ಜನ ರಸ್ತೆಯಲ್ಲೇ ಸಿಕ್ಕಿಕೊಂಡಿದ್ದರು. ಡಾಸನ್ ನನಗೆ ಅದನ್ನು ಸುರಿದುಬಿಡು ಎಂದು ಹೇಳಿ ಫೋನಿಗೆ ಓಡಿದ. ನಾನು ಸುರಿಯಲಿಲ್ಲ. ಮುಚ್ಚಳ ಮುಚ್ಚಿ ಬಾಯ್ಲರಿನ ಪಕ್ಕದ ಕಟ್ಟೆಯ ಕೆಳಗಿಟ್ಟೆ. ಬೆಳಿಗ್ಗೆ ಎಲ್ಲರ ತಿಂಡಿಯಾದ ಮೇಲೆ ಅದಕ್ಕೆ ಶೇಂಗಾ, ಕರಿಬೇವು, ಅರಿಶಿನ ಹಾಕಿ ಒಗ್ಗರಣೆ ಕೊಟ್ಟೆ, ನಿಂಬೆಹಣ್ಣು ಹಿಂಡಿದೆ. ನಿನ್ನೆಯ ಅನ್ನ ಇವತ್ತಿನ ಚಿತ್ರಾನ್ನ ಆಗುವುದನ್ನು ನಾನು ಹುಟ್ಟಿದಾಗಿನಿಂದ ನೋಡಿದ್ದೇನೆ, ಅದರಲ್ಲಿ ಯೋಚಿಸುವುದೇನಿದೆ ಎನಿಸಿತ್ತು. ನಮ್ಮ ಮನೆಯಲ್ಲಿ ಅನ್ನ ರಾತ್ರಿ ತಣ್ಣಗಿನ ಕಟ್ಟೆಯ ಮೇಲಿರುತ್ತದೆ, ಇಲ್ಲಿ ಬಾಯ್ಲರಿನ ಪಕ್ಕ ರಾತ್ರಿಯಿಡೀ ಬೆಚ್ಚಗೆ ಕೂತಿತ್ತು ಎಂಬುದು ಹೊಳೆಯಲಿಲ್ಲ. ಡಬ್ಬಿ ಕಟ್ಟುವಾಗ ಡಾಸನ್ ಬಂದ. ಯಾರಿಗೆ ಎಂದು ಕೇಳಿದ, ಹೇಳಿದೆ. ನಿಯಮ ನೆನಪಿಸಿದ. ನಾನು ಡಬ್ಬಿಯ ಮುಚ್ಚಳ ಒತ್ತಿದೆ. ಆಮೇಲೆ, ಇದು ತಾಜಾ ತಾನೇ ಎಂದ. ಈಗ ಮಾಡಿದ್ದು ಎಂದೆ. ಡಬ್ಬಿಯನ್ನು ಕೋಟಿನೊಳಗೆ ಇಟ್ಟುಕೊಂಡು ಅವನೇ ಮೆಟ್ಟಿಲು ಹತ್ತಿ ಕೊಟ್ಟು ಬಂದ.

ಆ ಸಂಜೆ ಡಾಕ್ಟರನ್ನು ಆಂಬುಲೆನ್ಸಿನಲ್ಲಿ ಒಯ್ದರು. ಓಡಿಸಿದವನು ನಮ್ಮ ಹಾಲ್‌ನ ಸೈನಿಕನೇ. ವಾಂತಿ ಭೇದಿ ನಿಂತರೂ ಮೂತ್ರಪಿಂಡ ಇನ್ನೂ ಸರಿಹೋಗಿಲ್ಲ, ಹನ್ನೊಂದು ದಿನದಿಂದ ಅಲ್ಲೇ ಇದ್ದಾರೆ. ಇಲ್ಲಿಯ ಪುರಸಭೆ, ಕೌನ್ಸಿಲ್‌ನವರು ಬಂದು ಪಾತ್ರೆ, ಫ್ರಿಜ್ ಎಲ್ಲ ನೋಡಿ ಹೋದರು. ಸೈನ್ಯದವರು ವಿಚಾರಣೆ ಹೂಡಿದರು. ಊಟದಲ್ಲಿ ಉಳಿದದ್ದನ್ನು ತಾನೇ ಡಬ್ಬಿಗೆ ತುಂಬಿ ಕೊಟ್ಟೆನೆಂದು ಡಾಸನ್ ಹೇಳಿಬಿಟ್ಟ. ಸೋಮವಾರ ಅವನು ಮೇಜರ್ ಎದುರು ನಿಲ್ಲಬೇಕು. ತೋಳಿನ ಮೇಲಿನ ದರ್ಜೆಯ ಪಟ್ಟಿ ಹೋಗಬಹುದು, ಸೈನ್ಯದಿಂದಲೇ ಹೋಗಬಹುದು ಎಂದು ಹುಡುಗರು ಮಾತಾಡಿಕೊಳ್ಳುತ್ತಿದ್ದಾರೆ. ಗುರುವಾರ ಕಿಂಡಿಗೆ ಬಗ್ಗಿ ನನಗೆ ಮೆಲ್ಲಗೆ ಹೇಳಿದ: “ನೀನು ತಾಜಾ ಮಾಡಿಕೊಟ್ಟೆ, ನಿನ್ನದೇನೂ ತಪ್ಪಿಲ್ಲ. ಹೊರಗೆ ಒಯ್ದವನು ನಾನು. ಯಾರಾದರೂ ಕೇಳಿದರೆ ಆ ಬೆಳಿಗ್ಗೆ ನೀನು ಒಗ್ಗರಣೆ ಹಾಕಿಯೇ ಇಲ್ಲ.” ಒಗ್ಗರಣೆ ಎಂಬ ಮಾತು ಅವನಿಗೆ ಮಾಮಿ ಕಲಿಸಿದ್ದು, ಅದನ್ನು ಅವನು ಕನ್ನಡದಲ್ಲೇ ಅಂದ. ನಾನು ತಲೆಯಾಡಿಸಿದೆ, ಅಪ್ಪಾ.

ಮಾಮನಿಗೆ ಅದೇ ಸಂಜೆ ಹೇಳಿದೆ. ಅವರು ಊಟ ತರುವ ವ್ಯಾನಿನ ಬಾಗಿಲು ಎಳೆದು ಹಾಕಿದರು. ಆಮೇಲೆ, “ನೀ ಬಾಯಿ ಮುಚ್ಚಿಕೊಂಡಿರು. ಸಿಪಾಯಿ ಪಟ್ಟಿ ಹೋದ್ರ ಮತ್ತ ಬರ್ತದ. ನಮ್ಮ ಅಡಗಿಮನಿ ಹೆಸರು ಹೋದ್ರ ಬರಂಗಿಲ್ಲ. ಹನ್ನೆರಡು ಮಂದಿ ಉಣ್ಣಾಕ ಹತ್ಯಾರ ಇದರಾಗ,” ಎಂದರು. ಸಿಟ್ಟಿನಿಂದಲ್ಲ, ಬೇಡಿಕೊಳ್ಳುವ ಹಾಗೆ. ಅವರ ಮಾತು ಸುಳ್ಳಲ್ಲ, ಆ ಹನ್ನೆರಡು ಜನರ ಕೈಗಳೂ ನನಗೆ ಗೊತ್ತು. ಮಾಮಿಯಂತೂ, ಮನೆಯಲ್ಲಿ ಇಷ್ಟು ವರ್ಷ ತಿಂದೆವು, ಯಾರಿಗೇನಾಯಿತು ಎಂದು ಒಂದೇ ಸಮನೆ ಕೇಳುತ್ತಿದ್ದಾರೆ. ಆ ದಿನದಿಂದ ಅವರು ರಾತ್ರಿ ಅನ್ನ ಅಳೆದು ಮಾಡುತ್ತಾರೆ, ಯಾರಿಗೂ ಎರಡನೆಯ ಸಲ ಬೇಕೇ ಎಂದು ಕೇಳುವುದಿಲ್ಲ.

ನಿನ್ನೆ ಆಸ್ಪತ್ರೆಗೆ ಹೋಗಿದ್ದೆ. ಡಾಕ್ಟರ ಕೈಯ ಮೇಲೆಲ್ಲ ಸೂಜಿ ಚುಚ್ಚಿದ ನೀಲಿ ಗುರುತು. ನಾನು ಬಾಯಿ ತೆರೆಯುವ ಮೊದಲೇ ಅವರು, “ನಿನ್ನಿ ಅನ್ನ, ಹೌದಲ್ಲ ಮಗಳ?” ಎಂದರು. ನಾನು ಅತ್ತೆ. “ಮೊದಲನೇ ತುತ್ತಿಗೇ ಗೊತ್ತಾತು. ನಲವತ್ತು ವರ್ಷ ಮಂದಿಗೆ ಬ್ಯಾಡ ಬ್ಯಾಡ ಅಂತ ಹೇಳಿದಾಂವ ನಾ. ಬಾಯಾಗ ಇಟ್ಟಮ್ಯಾಲ ಉಗುಳಾಕ ಮನಸ್ಸಾಗಲಿಲ್ಲ.” ಕೌನ್ಸಿಲ್‌ನವರು ಕೇಳಿದರೆ ಅಂಗಡಿಯ ಸ್ಯಾಂಡ್‌ವಿಚ್ ತಿಂದಿದ್ದೆ ಎನ್ನುತ್ತಾರಂತೆ. ವಾಪಸು ಬರುವಾಗ ಬಸ್ಸಿನಲ್ಲಿ ಕೂತು ಲೆಕ್ಕ ಹಾಕಿದೆ: ನನಗೋಸ್ಕರ ಸುಳ್ಳು ಹೇಳಲು ಎಷ್ಟೊಂದು ಜನ ಸಿದ್ಧರಿದ್ದಾರೆ. ಅವರಲ್ಲಿ ಡಾಸನ್ನನಿಗೆ ಮಾತ್ರ ತಾನು ಯಾವುದಕ್ಕೆ ಸುಳ್ಳು ಹೇಳುತ್ತಿದ್ದೇನೆಂದೇ ಗೊತ್ತಿಲ್ಲ.

ನಿಮಗೇ ಇದನ್ನು ಬರೆಯಲು ಇನ್ನೊಂದು ಕಾರಣವಿದೆ. ನಾನು ಚಿಕ್ಕವಳಿದ್ದಾಗ ನೀವು ಹೇಳುತ್ತಿದ್ದ ಆ ಚಳಿಗಾಲದ ಕಥೆ. ಹಿಮ ಬಿದ್ದು ದಾರಿ ಮುಚ್ಚಿತ್ತು, ನಿಮ್ಮ ತುಕಡಿ ಬೆಟ್ಟದ ಹಳ್ಳಿಯೊಂದರ ಮನೆಗಳಲ್ಲೇ ಉಳಿದಿತ್ತು, ನೀವು ರೇಷನ್ ಹವಾಲ್ದಾರ್. ಅಡುಗೆಯ ಸಿದ್ದಲಿಂಗಪ್ಪ ತಾನಿದ್ದ ಮನೆಯ ಹೆಂಗಸಿಗೆ ಸೈನ್ಯದ ಹಿಟ್ಟು ಕೊಟ್ಟ. ನೀವು ಅವನನ್ನು ಸಾಹೇಬರ ಮುಂದೆ ನಿಲ್ಲಿಸಿದಿರಿ, ಅವನು ಪೆನ್ಶನ್ ಇಲ್ಲದೆ ಊರಿಗೆ ಹೋದ. “ಶಿಸ್ತು ಅಂದ್ರ ಶಿಸ್ತು,” ಎಂದು ಪ್ರತಿ ಸಲವೂ ಅಲ್ಲಿಗೇ ಕಥೆ ಮುಗಿಸುತ್ತಿದ್ದಿರಿ. ನಾನು ಹೆಮ್ಮೆಯಿಂದ ಕೇಳುತ್ತಿದ್ದೆ. ಈಗ ಕೇಳಬೇಕೆನಿಸುತ್ತದೆ: ಆ ಹೆಂಗಸು ಏನೆಂದಳು? ಹಿಟ್ಟು ಅವನೇ ಕೊಟ್ಟನೋ, ಅವಳು ಬೇಡಿದಳೋ, ಯಾರಾದರೂ ಅವಳನ್ನು ಕೇಳಿದರೇ? ನೀವು ಕೇಳಿದಿರಾ? ನಿಮ್ಮನ್ನು ಚುಚ್ಚಲು ಬರೆಯುತ್ತಿಲ್ಲ. ನೀವು ಮಾಡಿದ್ದು ತಪ್ಪೆಂದೂ ನನಗೆ ಅನಿಸಿಲ್ಲ, ಸರಿಯೆಂದೂ ಈಗ ಅನಿಸುತ್ತಿಲ್ಲ. ಇಲ್ಲಿ ಆ ಹೆಂಗಸಿನ ಜಾಗದಲ್ಲಿ ನಿಂತಿರುವವಳು ನಾನು ಎಂದಷ್ಟೇ ಗೊತ್ತು, ಮತ್ತು ನನ್ನನ್ನು ಯಾರೂ ಕೇಳುತ್ತಿಲ್ಲ.

ಮೊಣಕಾಲಿಗೆ ಎಣ್ಣೆ ಹಚ್ಚಿಸಿಕೊಳ್ಳುವುದನ್ನು ತಪ್ಪಿಸಬೇಡಿ. ಅಮ್ಮನಿಗೆ ಈ ಕಾಗದ ಓದಿಹೇಳುವುದೋ ಬಿಡುವುದೋ ನಿಮಗೆ ಬಿಟ್ಟದ್ದು. ನಿಮ್ಮಿಬ್ಬರ ಕಾಲಿಗೂ ಇಲ್ಲಿಂದಲೇ ನಮಸ್ಕರಿಸಿದ್ದೇನೆ.

ನಿಮ್ಮ ಮಗಳು,
ಶರಣ್ಯಾ

ತಾ.ಕ.: ಲಕೋಟೆಗೆ ಹಾಕಿದ್ದನ್ನು ಮತ್ತೆ ತೆಗೆದು ಬರೆಯುತ್ತಿದ್ದೇನೆ. ಐದು ಗಂಟೆಗೆ ಹಾಲ್‌ಗೆ ಹೋದೆ. ಬಾಯಿಬಿಟ್ಟು ಹೇಳಲು ನನ್ನಿಂದ ಆಗದೆಂದು ಎಲ್ಲವನ್ನೂ ಎರಡು ಹಾಳೆಯಲ್ಲಿ ಬರೆದುಕೊಂಡು ಹೋಗಿದ್ದೆ. ಮೇಜರ್ ನಿಂತೇ ಓದಿದರು. ಅನ್ನವನ್ನು ಸುರಿಯಬೇಕೆಂದು ಕಾರ್ಪೊರಲ್ ನಿನಗೆ ಹೇಳಿದ್ದನೇ ಎಂದು ಒಂದೇ ಪ್ರಶ್ನೆ ಕೇಳಿದರು. ಹೇಳಿದ್ದರು ಎಂದೆ. ಇವತ್ತಿನಿಂದ ನಮ್ಮ ಊಟ ಬೇಡವಂತೆ, ಅರವತ್ತು ಜನರೂ ಪೊಟ್ಟಣದ ಊಟ ತಿನ್ನುತ್ತಾರೆ. ಹೊರಗೆ ಡಾಸನ್ ಆ ಪೊಟ್ಟಣಗಳ ಪೆಟ್ಟಿಗೆ ಇಳಿಸುತ್ತಿದ್ದ, ಅದು ಹಿಂದಿನ ರಾತ್ರಿಯ ಅನ್ನವೆಂದು ಅವನಿಗೂ ಹೇಳಿದೆ. “ನಾನು ನಿನ್ನನ್ನು ಕೇಳಿದ್ದೆ,” ಎಂದ. ಕ್ಷಮಿಸಿ ಎಂದೆ. ಅವನು ಇನ್ನೊಂದು ಪೆಟ್ಟಿಗೆ ಎತ್ತಿಕೊಂಡು ಒಳಗೆ ಹೋದ. ಮಾಮನಿಗೆ ನಾನೇ ಹೇಳಿದ್ದೇನೆ, ಅವರು ಏಪ್ರನ್ ಬಿಚ್ಚಿ ಕುರ್ಚಿಯ ಮೇಲೆ ಹಾಕಿ ಕೂತುಬಿಟ್ಟರು. ಈ ಕಾಗದ ನಿಮ್ಮ ಕೈಸೇರುವಷ್ಟರಲ್ಲಿ ಅವರು ಫೋನ್ ಮಾಡಿರುತ್ತಾರೆ, ನೀವು ನನ್ನ ಪರವಾಗಿ ಅವರ ಕ್ಷಮೆ ಕೇಳಿರುತ್ತೀರಿ. ಸೋಮವಾರವೂ ಕಳೆದಿರುತ್ತದೆ. ಡಾಸನ್ನನ ಪಟ್ಟಿ ಉಳಿಯಿತೇ ಇಲ್ಲವೇ ಎಂದು ಅಮ್ಮನ ಕೈಲಿ ಕೇಳಿಸಬೇಡಿ. ನೀವೇ ಬರೆದು ನನ್ನನ್ನು ಕೇಳಿ.