ಎಣ್ಣೆ ಇಳಿಯುವವರೆಗೆ

ಅವ್ವಾ,

ಡೈರಿಗೆ ಹಾಲು ಹಾಕಿ ಬಂದು, ಕೂತು ಓದು.

"ಗಂಡ್ಮಗ ಕಣ್ಲಾ ನೀನು! ಆ ಸೂಜೀಲಿ ಏನೈತೋ, ವಿಸವೋ ಏನೋ!" ಅಂತ ಬೈದು ನೀನು ಫೋನಿಟ್ಟುಬಿಟ್ಟೆ. ಹಾಸನದ ಡಾಕ್ಟರಮ್ಮನನ್ನು ನಾನೂ ಅದನ್ನೇ ಕೇಳಿದೆ. ಈಸ್ಟ್ರೋಜನ್, ಹೆಣ್ಣಿನ ಹಾರ್ಮೋನು ಅಂದರು. ಹರೆಯದಲ್ಲಿ ನಿನ್ನ ಮೈ ತಾನೇ ಮಾಡಿಕೊಂಡಿದ್ದೂ ಅದನ್ನೇ ಅಂತೆ. ಸೂಜಿಯಲ್ಲಿ ಅದನ್ನು ಯಾವುದರಲ್ಲಿ ಕರಗಿಸಿರುತ್ತಾರೆ ಗೊತ್ತಾ? ಹರಳೆಣ್ಣೆಯಲ್ಲಿ! ತೊಡೆಯ ಮಾಂಸದೊಳಗೆ ಎಣ್ಣೆ ಸುಮ್ಮನೆ ಕೂತಿರುತ್ತದೆ. ಔಷಧಿ ಮಾತ್ರ ಅದರಿಂದ ದಿನಾ ಚೂರುಚೂರೇ ಬಿಟ್ಟುಕೊಂಡು ರಕ್ತಕ್ಕೆ ಸೇರಿ, ಮೈಯೆಲ್ಲ ಸುತ್ತುತ್ತದೆ.

ಚಿಕ್ಕಂದಿನಲ್ಲಿ ನನ್ನ ನೆತ್ತಿಗೆ ಹರಳೆಣ್ಣೆ ತಟ್ಟಿ, "ಅಲ್ಲಾಡ್ಬ್ಯಾಡ, ನಿದಾನಕ್ಕೆ ಇಳೀಲಿ" ಅಂತಿದ್ದೆಯಲ್ಲ. ಈಗಲೂ ಸೂಜಿ ಹಾಕಿಸಿಕೊಂಡ ಮೇಲೆ ಸ್ವಲ್ಪ ಹೊತ್ತು ಅಲ್ಲಾಡದೆ ಕೂರುತ್ತೇನೆ. ಡಾಕ್ಟರಮ್ಮ ನಗುತ್ತಾರೆ.

ಕೆನ್ನೆ ಮೆತ್ತಗಾಗಿದೆ. ಮೊನ್ನೆ ಕನ್ನಡಿ ನೋಡಿದರೆ, ಅವ್ವಾ, ಅಲ್ಲಿ ನೀನಿದ್ದೆ.

ನೀನು ಕಾಯಿಸಿದ ಎಣ್ಣೆ ಒಂದು ಬಾಟಲಿ ಬೇಕು. ದಂಡಿಗನಹಳ್ಳಿ ಬಸ್ಸಿನವರ ಕೈಲಿ ಕಳಿಸಬೇಡ, ನೀನೇ ತಾ. ಕೂದಲು ಬೆನ್ನಿಗೆ ಇಳಿದಿದೆ. ಒಬ್ಬಳೇ ಹಚ್ಚಿಕೊಳ್ಳಲು ಆಗುವುದಿಲ್ಲ.

ನಿನ್ನ ದಾರಿ ನೋಡುತ್ತಾ,
ನೀನು ಸುನೀಲ ಅಂತ ಕರೆಯುವ ನಿನ್ನ ಮಗಳು,
ಕೋಮಲಾ