ನೌಕೆಯ ದನಿ

ಸ್ಟುಡಿಯೋ ಕ್ಯಾಂಟೀನು
ಗುರುವಾರ, ಮಧ್ಯಾಹ್ನ

ಪ್ರೀತಿಯ ಅಮ್ಮಾ,

ಗಂಟಲಿನ ಆಪರೇಷನ್ ಗಾಯ ಒಣಗಿತೇ? ನುಂಗುವಾಗ ಇನ್ನೂ ನೋಯುತ್ತದೆಯೇ? ಮಾತಾಡಬಹುದೆಂದು ಡಾಕ್ಟರು ಹೇಳಿ ವಾರವಾದರೂ ನೀನು ತುಟಿ ಬಿಚ್ಚುತ್ತಿಲ್ಲವೆಂದು ಚಿಕ್ಕಮ್ಮ ಫೋನು ಮಾಡಿದ್ದಳು. ಒಂದು ಸಲ ಅವಳನ್ನು ಕೂಗಿ, ಒಡಕು ದನಿ ಕೇಳಿ ನಾಚಿ ಸುಮ್ಮನಾದೆಯಂತೆ. ಜಗಳ ಮಾತ್ರ ಕೈಸನ್ನೆಯಲ್ಲೇ ನಡೆದಿದೆಯಂತೆ; ಹುಟ್ಟುಗುಣ ಸುಟ್ಟರೂ ಹೋಗದು!

ನಿನ್ನೆ ನಮ್ಮ ಧಾರಾವಾಹಿಯ ಹಣೆಬರಹ ತೀರ್ಮಾನಿಸಲು ಎಲ್ಲರನ್ನೂ ಸೆಟ್ಟಿಗೇ ಕರೆದಿದ್ದರು. ನಾನು ಹುಟ್ಟುವ ಮೊದಲೇ ಹೊರಟ ಅದರ ಆಕಾಶನೌಕೆ ಇನ್ನೂ ಹಾರಬೇಕೋ, ಇಳಿಯಬೇಕೋ? ಕ್ಯಾಪ್ಟನ್‌ಗಳು ಬದಲಾದರು, ಕಥೆ ಬರೆಯುವವರು ಬದಲಾದರು, ನೌಕೆಯ ದನಿ ಮಾತ್ರ ನಿನ್ನದೇ. ಅದೇ ಹೋದ ಮೇಲೆ ಮುಗಿಸುವುದೇ ಮರ್ಯಾದೆ ಎಂದರು ನಿರ್ದೇಶಕರು. ಚಾನೆಲ್ಲಿನ ಯಜಮಾನರು ಒಪ್ಪಲಿಲ್ಲ. "ಹಳೇ ರೆಕಾರ್ಡಿಂಗು ರಾಶಿ ಬಿದ್ದಿದೆ. ಕಂಪ್ಯೂಟರಿಗೆ ಕಲಿಸಿದ್ರೆ ಅದೇ ದನಿಯಲ್ಲಿ ಎಷ್ಟು ಬೇಕಾದ್ರೂ ಮಾತಾಡುತ್ತೆ" ಎಂದು ಮೊದಲ ಕಂತಿನ ನಿನ್ನ ಮಾತು ಹಾಕಿಸಿದರು. ನಾನು ಲೈಟಿನವನಲ್ಲವೇ, ಅಭ್ಯಾಸಬಲದಿಂದ ದೀಪ ಇಳಿಸಿ ನೌಕೆಯ ಕಿಟಕಿಯಾಚೆ ನಕ್ಷತ್ರ ಹೊತ್ತಿಸಿದೆ.

ಅಮ್ಮಾ, ಆ ಗೋಡೆಗಳು ಬರೀ ಪ್ಲೈವುಡ್ಡು. ಆ ನಕ್ಷತ್ರಗಳು ನಾನೇ ಜೋಡಿಸಿದ ಸಣ್ಣ ಬಲ್ಬುಗಳು. ಆದರೂ "ಹೆದರಬೇಡಿ, ನಾನು ಎಚ್ಚರವಾಗಿದ್ದೇನೆ" ಎಂದು ನಿನ್ನ ದನಿ ಸುತ್ತಲಿಂದ ಇಳಿದುಬಂದಾಗ ಮೈ ಜುಮ್ಮೆಂದಿತು. ಕಾಲಡಿಯ ನೆಲವೇ ಮೆಲ್ಲಗೆ ಮೇಲೇಳುತ್ತಿದೆ ಅನಿಸಿತು. ಜ್ವರ ಬಂದಾಗ ನನ್ನನ್ನು ಮಲಗಿಸಿದ, ಲೆಕ್ಕ ತಪ್ಪಿದಾಗ ಗದರಿದ ದನಿ ಇಷ್ಟು ದೊಡ್ಡದಿತ್ತೇ? ಬಡಗಿ ಎತ್ತಿದ ಸುತ್ತಿಗೆ ಹಾಗೇ ನಿಂತಿತು. ಯಜಮಾನರೂ ತಮಗರಿವಿಲ್ಲದೆ ಎದ್ದು ನಿಂತಿದ್ದರು.

ಈಗಿನ ಕ್ಯಾಪ್ಟನ್ ಪಾತ್ರದ ಅಕ್ಕ ಕಣ್ಣೊರೆಸಿಕೊಂಡು ಹೇಳಿದರು: "ಇದು ಹೊರಟ ದಿನದ ದನಿ. ಇಷ್ಟು ದೂರ ಬಂದ ನೌಕೆ ಈಗಲೂ ಹೀಗೇ ಮಾತಾಡುತ್ತಾ? ನನ್ನ ತಲೆ ನೆರೆತಿಲ್ವಾ? ಅದಕ್ಕೂ ವಯಸ್ಸಾಗ್ಲಿ ಬಿಡಿ." ಆಮೇಲೆ ಎಲ್ಲರೂ ತಿರುಗಿ ನನ್ನ ಮುಖ ನೋಡಿದರು.

ಶೂಟಿಂಗಿಗೆ ಕರೆಯುತ್ತಿದ್ದಾರೆ. ಬಿಸಿನೀರು ಕುಡಿಯುವುದು ತಪ್ಪಿಸಬೇಡ. ಚಿಕ್ಕಮ್ಮನಿಗೆ ನನ್ನ ನಮಸ್ಕಾರ, ನಿನಗೆ ಒಂದು ಹೆಚ್ಚು.

ನಿನ್ನ
ಪುಟ್ಟು

ತಾ.ಕ.: ಕಂಪ್ಯೂಟರಿನ ದನಿ ಬೇಡವೆಂದಾಯಿತು. ಅವರಿಗೀಗ ನಿನ್ನ ಒಡಕು ದನಿಯೇ ಬೇಕಂತೆ, ಪಿಸುಗುಟ್ಟಿದರೂ ಸಾಕಂತೆ. ನೀನು ಒಲ್ಲೆ ಎಂದರೆ ನೌಕೆ ಇಳಿಸುತ್ತಾರೆ, ಹೂಂ ಎಂದರೆ ಹಾರುತ್ತದೆ. ದಯವಿಟ್ಟು ಉತ್ತರ ಬರೆಯಬೇಡ, ಚಿಕ್ಕಮ್ಮನಿಂದ ಹೇಳಿಸಲೂ ಬೇಡ. ಫೋನು ಮಾಡಿ ನೀನೇ ಹೇಳು, ಹೇಗೆ ಬಂದರೆ ಹಾಗೆ.