ನೀವು ಮಾಡದ ಅಡಾಪ್ಟರ್

ತಿಳವಳ್ಳಿ
ಗುರುವಾರ

ರಫೀಕಣ್ಣ ಅವರಿಗೆ ಸವಿತಾಳ ನಮಸ್ಕಾರ.

ಹದಿನಾಲ್ಕು ತಿಂಗಳಿಂದ ನಾವು ಮಾತಾಡಿಲ್ಲ. ಸವಣೂರಿನ ನಿಮ್ಮ ಗಾಡಿ ರಿಪೇರಿ ಅಂಗಡಿ ಮುಚ್ಚಿದ್ದು, ನೀವೀಗ ಯಲವಿಗಿಯಲ್ಲಿ ಪಂಪ್‌ಸೆಟ್ ಮೋಟಾರುಗಳಿಗೆ ತಂತಿ ಸುತ್ತುತ್ತಿರುವುದು ನನಗೆ ಗೊತ್ತು. ಅಂಗಡಿ ಮುಚ್ಚಿದ್ದು ನನ್ನ ಒಂದು ಮಾತಿನಿಂದ. ಅದನ್ನು ನಡೆದ ಹಾಗೇ ಬರೆಯುತ್ತೇನೆ. ನಿಮಗೆ ಗೊತ್ತಿರುವ ಸಂಗತಿಗಳೂ ಇದರಲ್ಲಿ ಬರುತ್ತವೆ. ಅವನ್ನು ಬಿಟ್ಟರೆ ನನಗೆ ಬೇಕಾದಷ್ಟನ್ನೇ ಹೇಳಿದ ಹಾಗಾಗುತ್ತದೆ.

ಆ ಎಲೆಕ್ಟ್ರಿಕ್ ಕಾರನ್ನು ನಾನು ಹುಬ್ಬಳ್ಳಿಯಲ್ಲಿ ಕೊಂಡಾಗ ಅದು ಆಗಲೇ ಐದು ವರ್ಷ ಟ್ಯಾಕ್ಸಿಯಾಗಿ ಓಡಿತ್ತು. ಮಂಗಳವಾರ ಮತ್ತು ಶುಕ್ರವಾರ ನಮ್ಮೂರಿನ ಬೀರಪ್ಪಜ್ಜನನ್ನು ಡಯಾಲಿಸಿಸ್‌ಗೆ ಶಿಗ್ಗಾಂವಿಗೆ ಕರೆದೊಯ್ಯುತ್ತಿದ್ದೆ. ಹೋಗಲು ಚಾರ್ಜ್ ಸಾಕಾಗುತ್ತಿತ್ತು, ಮರಳಿ ಬರಲು ಸಾಲುತ್ತಿರಲಿಲ್ಲ. ಹೆದ್ದಾರಿಯ ಹೋಟೆಲಿನ ಅಂಗಳಕ್ಕೆ ಹೊಸ ಫಾಸ್ಟ್ ಚಾರ್ಜರ್ ಬಂದಿದೆ ಎಂದು ಕೇಳಿ ಹೋದರೆ, ಅದರ ಗನ್, ಅಂದರೆ ತಂತಿಯ ತುದಿಯ ದೊಡ್ಡ ಪ್ಲಗ್ಗು, ನನ್ನ ಕಾರಿನ ಚಾರ್ಜಿಂಗ್ ಬಾಯಿಗೆ ಕೂರಲಿಲ್ಲ.

ಅಡಾಪ್ಟರ್ ಮಾಡಿಕೊಡಿ ಎಂದು ನಿಮ್ಮ ಹತ್ತಿರ ಬಂದೆ. ನೀವು ಕಾರಿನ ಮುಚ್ಚಳ ತೆಗೆದು ನೋಡಿ, ಇದು ನಿಯಮಗಳು ಗಟ್ಟಿಯಾಗುವ ಮೊದಲಿನ ಗಾಡಿ, ಇಂಥ ಬಾಯಿಯನ್ನು ಈಗ ಯಾರೂ ಇಡುವುದಿಲ್ಲ ಎಂದಿರಿ. ಆಕಾರವಷ್ಟೇ ಬೇರೆಯಾಗಿದ್ದರೆ ಚಿಂತೆಯಿರಲಿಲ್ಲ, ಚಾರ್ಜರ್ ಆಡುವ ಭಾಷೆಯೇ ಬೇರೆ, ಬ್ಯಾಟರಿ ಬಿಸಿಯಾಗಿ ಸಾಕು ಎಂದರೆ ಅದಕ್ಕೆ ತಿಳಿಯುವುದಿಲ್ಲ ಎಂದು ಬಿಡಿಸಿ ಹೇಳಿದಿರಿ. ಆಸ್ಪತ್ರೆಯವರನ್ನು ಕೇಳಿ ಅಲ್ಲಿನ ಸಾದಾ ಪ್ಲಗ್ಗಿಗೆ ಹಾಕು ಎಂದಿರಿ. ನಿಮ್ಮ ಮಾತು ಹಾಗೇ ನೆನಪಿದೆ: "ನಾಕ ತಾಸು ಅಜ್ಜ ಅಲ್ಲೇ ಮಲಗಿರ್ತಾನ. ಗಾಡೀನೂ ಅಷ್ಟೊತ್ತು ಮಲಗ್ಲಿ ಬಿಡವಾ."

ನನಗೆ ಆ ನಾಲ್ಕು ತಾಸು ಬೇಕಿತ್ತು. ಅಷ್ಟರಲ್ಲಿ ಬಂಕಾಪುರಕ್ಕೆ ಎರಡು ಬಾಡಿಗೆ ಹೊಡೆಯಬಹುದಿತ್ತು. ಎರಡು ಸಲ ಕೇಳಿದೆ, ಎರಡು ಸಲವೂ ನೀವು ಆಗುವುದಿಲ್ಲ ಎಂದಿರಿ. ಆಗ ನಾನು, "ಕಂಪನಿ ನಿಮ್ಮನ್ನ ಹೊರಗ ಹಾಕೇತಿ ಅಂತ ನನ್ನ ಗಾಡಿ ಮ್ಯಾಲೆ ಸಿಟ್ಟು ತೀರಿಸ್ಕೊಳ್ಳಾಕತ್ತೀರಿ" ಎಂದೆ. ನೀವು ಕಾರು ಕಂಪನಿಯ ಬ್ಯಾಟರಿ ವಿಭಾಗದಲ್ಲಿ ಎಂಟು ವರ್ಷ ದುಡಿದದ್ದು, ಒಂದು ಸೋಮವಾರ ಕಂಪನಿಯವರು ಕ್ಯಾಂಟೀನಿನಲ್ಲಿ ಎಲ್ಲರನ್ನೂ ನಿಲ್ಲಿಸಿ, ಪೂರ್ತಿ ಎಲೆಕ್ಟ್ರಿಕ್ ಸದ್ಯಕ್ಕೆ ಬೇಡ, ಪೆಟ್ರೋಲಿನ ಜೊತೆ ಸಣ್ಣ ಬ್ಯಾಟರಿ ಇರುವ ಹೈಬ್ರಿಡ್ ಸಾಕು ಎಂದು ತೀರ್ಮಾನವಾಗಿದೆ ಎಂದು ಹೇಳಿ ನಿಮ್ಮ ಲೈನನ್ನೇ ಕಳಚಿದ್ದು, ಇದನ್ನೆಲ್ಲ ನೀವೇ ಒಮ್ಮೆ ಚಹಾ ಕುಡಿಯುತ್ತ ನನಗೆ ಹೇಳಿದ್ದಿರಿ. ನಂಬಿ ಹೇಳಿದ್ದನ್ನು ನಾನು ಹಾಗೆ ಬಳಸಿದೆ. ನೀವು ಕೈ ಒರೆಸಿಕೊಂಡು ಒಳಗೆ ಹೋದಿರಿ.

ಅಡಾಪ್ಟರನ್ನು ಬೇರೊಬ್ಬರಿಂದ ಮಾಡಿಸಿದೆ. ಅವರ ಹೆಸರು ಇಲ್ಲಿ ಬೇಡ, ನಾನು ಕೇಳಿದ್ದನ್ನು ಅವರು ಮಾಡಿಕೊಟ್ಟರು. ಅದರೊಳಗಿದ್ದ ಸಣ್ಣ ಡಬ್ಬಿ, ಬ್ಯಾಟರಿ ಹೇಗೇ ಇರಲಿ, ಎಲ್ಲ ಸರಿಯಿದೆ ಎಂದಷ್ಟೇ ಚಾರ್ಜರಿಗೆ ಹೇಳುತ್ತಿತ್ತು. ಹನ್ನೊಂದು ಸಲ ಏನೂ ಆಗಲಿಲ್ಲ.

ಹನ್ನೆರಡನೆಯ ಸಲ ಶುಕ್ರವಾರ ಮಧ್ಯಾಹ್ನ. ಬಾಡಿಗೆ ಮುಗಿಸಿ ಬರುವುದು ತಡವಾಗಿತ್ತು, ಅಜ್ಜನ ಡಯಾಲಿಸಿಸ್ ಆಗಲೇ ಮುಗಿದಿತ್ತು. ಅವರನ್ನು ಹಿಂದಿನ ಸೀಟಿನಲ್ಲಿ ಕೂರಿಸಿಕೊಂಡೇ ಹೋಟೆಲಿಗೆ ಹೋಗಿ ಗನ್ ಹಾಕಿದೆ. ಅವರಿಗೆ ಜೋಂಪು ಹತ್ತಿತ್ತು. ನಾನು ನೀರಿನ ಬಾಟಲಿ ತರಲು ಹೋದೆ. ಮರಳುವಾಗ ಸೀಟಿನ ಕೆಳಗಿನಿಂದ ಹೊಗೆ ಬರುತ್ತಿತ್ತು. ಬಾಗಿಲು ತೆಗೆದು ಕೈಗೆ ಸಿಕ್ಕ ತೋಳು ಹಿಡಿದು ಅವರನ್ನು ಎಳೆದೆ. ಅದು ಎಡಗೈ. ಡಯಾಲಿಸಿಸ್‌ಗೆಂದು ರಕ್ತನಾಳ ಜೋಡಿಸಿದ ಕೈ. ಅದನ್ನು ಎಳೆಯಬಾರದು ಎಂದು ನರ್ಸ್ ಪ್ರತಿ ಸಲ ಹೇಳುತ್ತಿದ್ದರು. ಪಟ್ಟಿ ಕಿತ್ತು ರಕ್ತ ಚಿಮ್ಮಿತು. ಹೋಟೆಲಿನವರೊಬ್ಬರು ಟವೆಲ್ ಒತ್ತಿ ಹಿಡಿದರು. ಕಾರು ನಮ್ಮ ಕಣ್ಣೆದುರೇ ಉರಿಯಿತು. ಅಜ್ಜ ಬದುಕಿದರು. ಆದರೆ ಆ ಕೈ ಡಯಾಲಿಸಿಸ್‌ಗೆ ಬಾರದಂತಾಯಿತು. ಮೂರು ತಿಂಗಳು ಕುತ್ತಿಗೆಗೆ ನಳಿಗೆ ಹಾಕಿಸಿಕೊಂಡು, ಆಮೇಲೆ ಬಲಗೈಗೆ ಮತ್ತೊಂದು ಆಪರೇಷನ್ ಮಾಡಿಸಿಕೊಳ್ಳಬೇಕಾಯಿತು.

ಇನ್ನು ನಾನು ಹೇಳಬೇಕಾದ ಮಾತು. ಸಂಜೆ ಚಾರ್ಜರಿನ ಕಡೆಯವರು ಬಂದು ಆ ಅಡಾಪ್ಟರ್ ಯಾರು ಮಾಡಿದ್ದು ಎಂದು ಕೇಳಿದರು. ನಾನು ಬಾಯಿ ಬಿಡುವ ಮೊದಲೇ ಗುಂಪಿನಲ್ಲಿ ಯಾರೋ, "ಸವಣೂರ ರಫೀಕ ಇರಬೇಕು, ಈಕಿ ಗಾಡಿ ಆತನ ಕಡೇನ ಹೋಗ್ತೈತಿ" ಎಂದರು. ಚಾರ್ಜರಿನವರು ನನ್ನ ಮುಖ ನೋಡಿದರು. ನಾನು "ಹೂಂ" ಎಂದೆ.

ನಿಮ್ಮ ಮೇಲೆ ಸಿಟ್ಟಿತ್ತು ಎಂದು ಬರೆದರೆ ಸುಲಭ. ಅದು ಪೂರ್ತಿ ನಿಜವಲ್ಲ. ರಫೀಕಣ್ಣ ಬೇಡ ಎಂದಿದ್ದರು ಎಂದು ಹೇಳಿದ್ದರೆ, ಅಪಾಯ ತಿಳಿದೂ ಅಜ್ಜನನ್ನು ಅದರಲ್ಲಿ ಕೂರಿಸಿದವಳು ನಾನು ಎಂದಾಗುತ್ತಿತ್ತು. ಅದಕ್ಕೆ ಹೂಂ ಎಂದೆ. ನಿಮ್ಮ ಅಂಗಡಿಗೆ ಜನ ಬರುವುದು ನಿಂತಿತು. ನೀವು ಬಂದು ಕೇಳುತ್ತೀರಿ ಎಂದು ಬಹಳ ದಿನ ಕಾದೆ. ನೀವು ಬರಲಿಲ್ಲ.

ಹೋದ ತಿಂಗಳು ಸವಣೂರು ಬಸ್ ನಿಲ್ದಾಣದಲ್ಲಿ ನಿಮ್ಮ ಮನೆಯವರು ಮದಿಹಾ ಅಕ್ಕ ಸಿಕ್ಕರು. ನಿಮ್ಮ ಹಳೆಯ ಕಂಪನಿ ಮತ್ತೆ ಮನಸ್ಸು ಬದಲಿಸಿ ಎಲೆಕ್ಟ್ರಿಕ್ ಕಾರಿನ ಲೈನ್ ಹಾಕುತ್ತಿದೆಯಂತೆ, ಹಳಬರನ್ನು ಕರೆಯುತ್ತಿದೆಯಂತೆ. ನಿಮಗೂ ಕರೆ ಬಂದಿತ್ತಂತೆ. "ಬೆಂಕಿ ಸುದ್ದಿ ಕಂಪನಿಯವರ ಕಿವಿಗೆ ಬಿತ್ತು. ಬ್ಯಾಡ ಅಂದ್ರು" ಎಂದು ಹೇಳಿ ಅವರು ಬಸ್ಸು ಹತ್ತಿದರು. ಅವರು ನನ್ನನ್ನು ಒಂದು ಮಾತೂ ಅನ್ನಲಿಲ್ಲ. ನನ್ನ ಮಾತೇ ಇದಕ್ಕೆ ಕಾರಣ ಎಂದು ನೀವು ಮನೆಯಲ್ಲೂ ಹೇಳಿಲ್ಲ ಎಂದು ಆಗ ತಿಳಿಯಿತು.

ಮರುದಿನ ಆಸ್ಪತ್ರೆಗೆ ಹೋಗಿ ಬೀರಪ್ಪಜ್ಜನ ಮಂಚದ ಪಕ್ಕ ಕೂತು ಎಲ್ಲವನ್ನೂ ಹೇಳಿದೆ. ಅವರು ಯಂತ್ರದ ಕಡೆ ನೋಡುತ್ತ ಕೇಳಿಸಿಕೊಂಡರು. ಆಮೇಲೆ, "ಕೈ ಎಳದದ್ದು ನನ್ನ ಉಳಸಾಕ. ಅದಕ್ಕ ನಾ ಏನೂ ಅನ್ನಂಗಿಲ್ಲ. ಆ ಹೂಂ ಅಂದಿದ್ದು ಯಾರನ್ನ ಉಳಸಾಕವ್ವಾ?" ಎಂದು ಕೇಳಿದರು. ನಾನು ಚೀಲದಿಂದ ಒಂದು ಕಾಗದ ತೆಗೆದೆ. ಅಡಾಪ್ಟರ್ ನೀವು ಮಾಡಿದ್ದಲ್ಲ, ನೀವು ಬೇಡ ಎಂದಿದ್ದಿರಿ ಎಂದು ನಾನು ಬರೆದುಕೊಂಡು ಹೋಗಿದ್ದ ಆ ಹೇಳಿಕೆಗೆ, ಡಯಾಲಿಸಿಸ್ ಮುಗಿದ ಮೇಲೆ, ಅವರು ಸಾಕ್ಷಿಯಾಗಿ ಸಹಿ ಹಾಕಿದರು. ಈಗ ಅವರು ಬಸ್ಸಿನಲ್ಲಿ ಹೋಗಿಬರುತ್ತಾರೆ. ನಾನು ಜೊತೆಗೆ ಬರುತ್ತೇನೆ ಎಂದರೆ ಬೇಡ ಎನ್ನುತ್ತಾರೆ.

ಆ ಹೇಳಿಕೆಯ ಒಂದು ಪ್ರತಿ ಚಾರ್ಜರಿನವರ ಕಚೇರಿಗೆ ಕೊಟ್ಟಿದ್ದೇನೆ, ಒಂದನ್ನು ನಿಮ್ಮ ಹಳೆಯ ಕಂಪನಿಗೆ ರಿಜಿಸ್ಟರ್ಡ್ ಅಂಚೆಯಲ್ಲಿ ಕಳಿಸಿದ್ದೇನೆ. ಮೂರನೆಯದು ಈ ಪತ್ರದ ಜೊತೆಗಿದೆ. ಕಂಪನಿಯವರು ಮತ್ತೆ ಕರೆಯುತ್ತಾರೋ ಇಲ್ಲವೋ ಗೊತ್ತಿಲ್ಲ. ಕರೆದರೆ ಹೋಗಿ. ಕರೆಯದಿದ್ದರೆ, ಸವಣೂರಿನ ಅಂಗಡಿ ಮತ್ತೆ ತೆರೆಯುವ ಮನಸ್ಸಾದರೆ, ಒಂದು ಮಾತು ಹೇಳಿ ಕಳಿಸಿ. ಆ ಬೆಂಕಿಯ ಬಗ್ಗೆ ಕೇಳುವ ಪ್ರತಿಯೊಬ್ಬರಿಗೂ ಉತ್ತರ ಹೇಳಲು, ನಿಮಗೆ ಸಾಕು ಎನಿಸುವವರೆಗೆ, ನಾನು ಬಾಗಿಲ ಹೊರಗೆ ನಿಂತಿರುತ್ತೇನೆ.

ಕ್ಷಮೆಯನ್ನು ಈ ಪತ್ರದಲ್ಲಿ ಕೇಳುತ್ತಿಲ್ಲ. ನಿಮ್ಮ ಕೈಗೆ ನಿಮ್ಮ ಕೆಲಸ ಮರಳಲಿ. ಮನೆಯಲ್ಲಿ ಎಲ್ಲರೂ ಚೆನ್ನಾಗಿರಲಿ.

ಇಂತು,
ನೀವು ಬೇಡ ಎಂದದ್ದನ್ನು ಕೇಳದೆ ಹೋದ
ಸವಿತಾ